ಹಳೇ ಹಾಲಿವುಡ್‌ನ ಅಜ್ಜ ಅಜ್ಜಿಯರು: ಪದೇ ಪದೇ ಕೇಳುವ ಪ್ರಶ್ನೆಗಳು

ಕಪ್ಪು ಬಿಳುಪಿನ ಹಳೇ ಇಂಗ್ಲಿಷ್ ಸಿನಿಮಾ ಮುಗಿದ ಕೂಡಲೇ ನಾನು ಮಾಡುವ ಕೆಲಸ ಒಂದೇ. ಫೋನ್ ತೆಗೆದು ‘ಇವರು ಆಮೇಲೆ ಏನಾದರು’ ಅಂತ ಹುಡುಕುವುದು. ಪಕ್ಕದಲ್ಲಿ ಕೂತು ನೋಡಿದವರೂ ಅದನ್ನೇ ಕೇಳುತ್ತಾರೆ. ಕೆಲವು ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಉತ್ತರ ಒಂದೇ ಕಡೆ ಬರೆದಿಟ್ಟರೆ ನನಗೂ ಸುಲಭ ಅನ್ನಿಸಿತು.

ಹಳೇ ಹಾಲಿವುಡ್ ಅಂದರೆ ಯಾವ ಕಾಲ?

ಸಿನಿಮಾಕ್ಕೆ ಮಾತು ಬಂದ 1920ರ ದಶಕದ ಕೊನೆಯಿಂದ ಸುಮಾರು 1960ರವರೆಗೆ ಅಂದುಕೊಳ್ಳಿ. ಆಗ ನಟ ನಟಿಯರು ಸ್ಟುಡಿಯೋದ ಸಂಬಳದ ನೌಕರರು. ಸಾಮಾನ್ಯವಾಗಿ ಏಳು ವರ್ಷದ ಕಾಂಟ್ರಾಕ್ಟ್. ಪಾತ್ರ ಯಾವುದು, ಹೆಸರು ಏನು ಅನ್ನುವುದೆಲ್ಲ ಸ್ಟುಡಿಯೋ ಹೇಳಿದ ಹಾಗೆ. ಟಿವಿಯ ಮೊದಲ ತಲೆಮಾರನ್ನೂ ನಾನು ಇದಕ್ಕೇ ಸೇರಿಸುತ್ತೇನೆ.

ಇವರಲ್ಲಿ ನೂರು ವರ್ಷ ಬದುಕಿದವರು ಯಾರು?

ಕರ್ಕ್ ಡಗ್ಲಸ್ 103. ಒಲಿವಿಯಾ ಡಿ ಹ್ಯಾವಿಲ್ಯಾಂಡ್ 104. ಸತತ ಎರಡು ವರ್ಷ ನಟನೆಗೆ ಆಸ್ಕರ್ ಪಡೆದ ಮೊದಲಿಗರಾದ ಲೂಯಿಸ್ ರೈನರ್ ಕೂಡ 104. ಬಾಬ್ ಹೋಪ್, ಜಾರ್ಜ್ ಬರ್ನ್ಸ್, ಗ್ಲೋರಿಯಾ ಸ್ಟುವರ್ಟ್ ಮೂವರೂ ನೂರು ತುಂಬಿಸಿಕೊಂಡೇ ಹೋದರು. ಟಿವಿ ಹಾಸ್ಯ ಧಾರಾವಾಹಿಗಳ ದೊಡ್ಡ ತಲೆ ನಾರ್ಮನ್ ಲಿಯರ್ 101. ಬೆಟ್ಟಿ ವೈಟ್ ಮಾತ್ರ 2021ರ ಡಿಸೆಂಬರ್ 31ರಂದು ತೀರಿಕೊಂಡರು. ನೂರಕ್ಕೆ ಇನ್ನು ಹದಿನೇಳೇ ದಿನ ಬಾಕಿ ಇತ್ತು. ಛೇ ಅನ್ನಿಸುತ್ತೆ, ಅಲ್ವಾ?

ಹಾಗಂತ ಸಿನಿಮಾದವರೆಲ್ಲ ಶತಾಯುಷಿಗಳು ಅಂತಲ್ಲ. ಐವತ್ತು ದಾಟದೆ ಹೋದವರ ಪಟ್ಟಿ ಇದಕ್ಕಿಂತ ಉದ್ದ ಇದೆ.

ಏನು ತಿನ್ನುತ್ತಿದ್ದರು? ಗುಟ್ಟೇನು?

ಈ ಪ್ರಶ್ನೆ ಕೇಳಿದವರಿಗೆ ನಾನು ಜಾರ್ಜ್ ಬರ್ನ್ಸ್ ಹೆಸರು ಹೇಳಿ ಸುಮ್ನಾಗುತ್ತೇನೆ. ದಿನಕ್ಕೆ ಹತ್ತು ಹದಿನೈದು ಸಿಗಾರ್ ಸೇದುತ್ತಿದ್ದ ಮನುಷ್ಯ ಅವರು. ಬೆಟ್ಟಿ ವೈಟ್‌ಗೆ ಹಾಟ್ ಡಾಗ್ ಅಂದರೆ ಪ್ರಾಣ. ಊಟದ ಪಥ್ಯದಲ್ಲಿ ಗುಟ್ಟು ಹುಡುಕಿದರೆ ಏನೂ ಸಿಗುವುದಿಲ್ಲ.

ನನಗೆ ಕಂಡಿದ್ದು ಬೇರೆ. ಚೆನ್ನಾಗಿ ಮುಪ್ಪಾದವರನ್ನು ನೋಡಿದರೆ ಎರಡು ಸಂಗತಿ ಪಕ್ಕಾ ಇರುತ್ತವೆ. ಸಾಯಂಕಾಲ ಆದರೆ ಯಾರೋ ಒಬ್ಬರು ಕಾಯುತ್ತಿರುತ್ತಾರೆ. ಆಸ್ಪತ್ರೆ ಬಿಲ್ಲಿಗೆ ಯಾರೋ ಮೊದಲೇ ವ್ಯವಸ್ಥೆ ಮಾಡಿರುತ್ತಾರೆ. ಮುಂದಿನ ಉತ್ತರಗಳೆಲ್ಲ ಹೆಚ್ಚು ಕಡಿಮೆ ಈ ಎರಡರ ಸುತ್ತವೇ.

ದಿನಾ ರಾತ್ರಿ ಒಟ್ಟಿಗೆ ಊಟ ಮಾಡುತ್ತಿದ್ದ ಆ ಇಬ್ಬರು ಮುದುಕರು ಯಾರು?

ಮೆಲ್ ಬ್ರೂಕ್ಸ್ ಮತ್ತು ಕಾರ್ಲ್ ರೈನರ್. ಇಬ್ಬರೂ ಹಾಸ್ಯದವರು. 1950ರಲ್ಲಿ ಒಂದು ಟಿವಿ ಕಾರ್ಯಕ್ರಮಕ್ಕೆ ಕೆಲಸ ಮಾಡುವಾಗ ಪರಿಚಯ ಆಯಿತು. ಇಬ್ಬರದೂ ಒಂದು ಹಾಸ್ಯದ ಆಟ ಇತ್ತು: ಮೆಲ್ ಎರಡು ಸಾವಿರ ವರ್ಷದ ಮುದುಕ, ಕಾರ್ಲ್ ಅವನ ಸಂದರ್ಶನ ಮಾಡುವವನು. ಮೊದಲು ಗೆಳೆಯರ ಪಾರ್ಟಿಗಳಲ್ಲಿ ಸುಮ್ನೆ ನಗಿಸಲು ಮಾಡುತ್ತಿದ್ದ ಈ ಆಟ ಆಮೇಲೆ ರೆಕಾರ್ಡ್ ಆಗಿ ಮನೆ ಮಾತಾಯಿತು.

2005ರಲ್ಲಿ ಮೆಲ್ ಅವರ ಹೆಂಡತಿ, ನಟಿ ಆನ್ ಬ್ಯಾನ್‌ಕ್ರಾಫ್ಟ್ ತೀರಿಕೊಂಡರು. 2008ರಲ್ಲಿ ಕಾರ್ಲ್ ಅವರ ಹೆಂಡತಿ ಎಸ್ಟೆಲ್ ಹೋದರು. ಅಲ್ಲಿಂದ ಮುಂದೆ ಮೆಲ್ ಸಂಜೆ ಆದರೆ ಬೆವರ್ಲಿ ಹಿಲ್ಸ್‌ನಲ್ಲಿದ್ದ ಕಾರ್ಲ್ ಮನೆಗೆ ಹಾಜರ್. ಟಿವಿ ಮುಂದೆ ಎರಡು ಕುರ್ಚಿ, ಒಬ್ಬೊಬ್ಬರ ಮುಂದೆ ಒಂದೊಂದು ಮಡಚುವ ಪುಟ್ಟ ಮೇಜು, ಅದರ ಮೇಲೆ ತಟ್ಟೆ. ಮೊದಲು ‘ಜೆಪರ್ಡಿ’ ಅನ್ನುವ ಕ್ವಿಜ್ ಕಾರ್ಯಕ್ರಮ. ಆಮೇಲೆ ಒಂದು ಸಿನಿಮಾ.

ಯಾವ ಸಿನಿಮಾ ಅನ್ನುವುದಕ್ಕೂ ಒಂದು ನಿಯಮ ಇತ್ತಂತೆ. ಪಾತ್ರಧಾರಿ ಯಾರಾದರೂ ‘ಸುತ್ತ ಕಾವಲು ಹಾಕಿ’ ಅಂತಲೋ ‘ಹೋಗಿ ಸ್ವಲ್ಪ ರೆಸ್ಟ್ ತಗೋ’ ಅಂತಲೋ ಹೇಳಬೇಕು. ಅಂಥ ಮಾತಿದ್ದರೆ ಅದು ಒಳ್ಳೇ ಸಿನಿಮಾ! ಹಾಸ್ಯದಲ್ಲಿ ಇಡೀ ದೇಶಕ್ಕೆ ಪಾಠ ಹೇಳಿದ ಇಬ್ಬರು ಕೂತು ಮೂರನೇ ದರ್ಜೆಯ ಫೈಟಿಂಗ್ ಸಿನಿಮಾ ನೋಡುತ್ತಿದ್ದರು ಅನ್ನುವುದೇ ನನಗೆ ಖುಷಿ.

ಕಾರ್ಲ್ 2020ರ ಜೂನ್ 29ರಂದು 98ರ ವಯಸ್ಸಿನಲ್ಲಿ ತೀರಿಕೊಂಡರು. ಹಿಂದಿನ ದಿನ ಮೆಲ್‌ಗೆ 94 ತುಂಬಿತ್ತು. ಆಮೇಲೂ ಸ್ವಲ್ಪ ಕಾಲ ಮೆಲ್ ಆ ಮನೆಗೆ ಹೋಗಿ ಕೂರುತ್ತಿದ್ದರು. 95ರಲ್ಲಿ ಆತ್ಮಕಥೆ ಬರೆದರು. 2024ರ ಜನವರಿಯಲ್ಲಿ ಗೌರವ ಆಸ್ಕರ್ ಬಂತು.

ಹಳೇ ಸಿನಿಮಾ ಟಿವಿಯಲ್ಲಿ ಬಂದಾಗಲೆಲ್ಲ ಇವರಿಗೆ ದುಡ್ಡು ಬರುತ್ತಿತ್ತಾ?

ಎಲ್ಲರೂ ‘ಬರುತ್ತೆ ಬಿಡಿ’ ಅಂದುಕೊಂಡಿರುತ್ತಾರೆ. ಬಹುಪಾಲು ಜನಕ್ಕೆ ಒಂದು ಪೈಸೆಯೂ ಬರುತ್ತಿರಲಿಲ್ಲ.

ಇದರ ಹಿಂದೆ 1960ರ ಮುಷ್ಕರ ಇದೆ. ಟಿವಿ ಬಂದ ಮೇಲೆ ಸ್ಟುಡಿಯೋಗಳು ಹಳೇ ಸಿನಿಮಾಗಳನ್ನು ಚಾನೆಲ್‌ಗಳಿಗೆ ಮಾರಿ ಚೆನ್ನಾಗಿ ಸಂಪಾದಿಸುತ್ತಿದ್ದವು. ನಟರ ಸಂಘ ತನ್ನ ಪಾಲು ಕೇಳಿತು. ಕೊಡಲ್ಲ ಅಂದರು. ಮಾರ್ಚ್ 7ರಂದು ಮುಷ್ಕರ ಶುರುವಾಗಿ ಏಪ್ರಿಲ್ 18ಕ್ಕೆ ಮುಗಿಯಿತು. ಆಗ ಸಂಘದ ಅಧ್ಯಕ್ಷರು ರೊನಾಲ್ಡ್ ರೇಗನ್. ಹೌದು, ಮುಂದೆ ದೇಶಕ್ಕೇ ಅಧ್ಯಕ್ಷರಾದವರು.

ರಾಜಿ ಹೀಗಾಯಿತು: 1960ರಿಂದ ಆಚೆಗೆ ತಯಾರಾಗುವ ಸಿನಿಮಾ ಟಿವಿಗೆ ಹೋದರೆ ನಟರಿಗೆ ಪಾಲು ಉಂಟು. 1948ರಿಂದ 1959ರವರೆಗಿನ ಸಿನಿಮಾಗಳಿಗೆ ಬದಲಾಗಿ ಸ್ಟುಡಿಯೋಗಳು ಒಂದೇ ಸಲ 22.5 ಲಕ್ಷ ಡಾಲರ್ ಕೊಡುತ್ತವೆ. ಆ ದುಡ್ಡಿನಲ್ಲಿ ನಟರಿಗೆ ಪಿಂಚಣಿ, ಆರೋಗ್ಯ ವಿಮೆ ಶುರುವಾಗುತ್ತೆ. 1948ಕ್ಕಿಂತ ಹಿಂದಿನವು? ಏನೂ ಇಲ್ಲ.

ಅಂದರೆ ನಾವು ‘ಸುವರ್ಣ ಯುಗ’ ಅನ್ನುವ ಕಾಲದ ಸಿನಿಮಾಗಳು ಹಗಲೂ ರಾತ್ರಿ ಟಿವಿಯಲ್ಲಿ ಓಡುತ್ತಿದ್ದಾಗ ಅದರಲ್ಲಿ ನಟಿಸಿದವರು ಮನೆಯಲ್ಲಿ ಕೂತು ನಮ್ಮ ಹಾಗೇ ಬಿಟ್ಟಿಯಾಗಿ ನೋಡುತ್ತಿದ್ದರು. ಹಿರಿಯ ನಟರಲ್ಲಿ ಕೆಲವರು ರೇಗನ್ ಮೇಲೆ ಕೊನೆವರೆಗೂ ಸಿಟ್ಟು ಇಟ್ಟುಕೊಂಡಿದ್ದರು. ನನ್ನ ಕೇಳಿದರೆ, ಆ ಪಿಂಚಣಿ ಮತ್ತು ವಿಮೆ ಚಿಕ್ಕ ಗೆಲುವಲ್ಲ. ಪ್ರತಿ ಸಲ ಬರುವ ಚೆಕ್ಕಿಗಿಂತ ಎಂಬತ್ತರ ವಯಸ್ಸಲ್ಲಿ ಕೈ ಹಿಡಿದದ್ದು ಅದೇ.

ಆ ವಿಮೆ ಎಲ್ಲರಿಗೂ ಸಿಗುತ್ತಿತ್ತಾ?

ಇಲ್ಲ. ವರ್ಷಕ್ಕೆ ಇಷ್ಟು ಅಂತ ನಟನೆಯಿಂದ ಸಂಪಾದಿಸಿದ್ದರೆ ಮಾತ್ರ. ವಯಸ್ಸಾದ ಮೇಲೆ ಯಾರು ಪಾತ್ರ ಕೊಡುತ್ತಾರೆ?

ನಟಿ ಏಂಜೆಲಾ ಲ್ಯಾನ್ಸ್‌ಬರಿ ಕೊಟ್ಟರು. 1984ರಲ್ಲಿ, 58ನೇ ವಯಸ್ಸಿನಲ್ಲಿ, ಅವರ ‘ಮರ್ಡರ್ ಶೀ ರೋಟ್’ ಧಾರಾವಾಹಿ ಶುರುವಾಯಿತು. ಹನ್ನೆರಡು ವರ್ಷ ನಡೆಯಿತು. ವಾರಕ್ಕೊಂದು ಕೊಲೆ. ಕೊಲೆ ಅಂದ ಮೇಲೆ ಏಳೆಂಟು ಅನುಮಾನಿತರು ಬೇಕಲ್ಲ! ಆ ಪಾತ್ರಗಳಿಗೆ ಹಳೇ ಸ್ಟುಡಿಯೋ ಕಾಲದವರನ್ನು ಹುಡುಕಿ ಹುಡುಕಿ ಕರೆಸುತ್ತಿದ್ದರು. ನೋಡುವವರಿಗೆ ‘ಅರೆ, ಇವರಿನ್ನೂ ಇದ್ದಾರಾ’ ಅನ್ನುವ ಖುಷಿ. ಬಂದವರಿಗೆ ವಿಮೆಗೆ ಬೇಕಾದಷ್ಟು ಸಂಬಳ.

ಮ್ಯಾಡ್ಲಿನ್ ರೂ ಅನ್ನುವ ನಟಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರಗಳ ಕಾಯಿಲೆ. ವೀಲ್‌ಚೇರ್ ಬಿಟ್ಟು ಏಳಲು ಆಗುತ್ತಿರಲಿಲ್ಲ. ಸಂಪಾದನೆ ಕಡಿಮೆಯಾಗಿ ವಿಮೆ ನಿಲ್ಲುವ ಹಂತಕ್ಕೆ ಬಂದಿತ್ತು. ಸುದ್ದಿ ಕಿವಿಗೆ ಬಿದ್ದ ಮೇಲೆ ಲ್ಯಾನ್ಸ್‌ಬರಿ ಕಥೆಯ ಊರಿಗೆ ಒಬ್ಬ ಲೈಬ್ರೇರಿಯನ್ ಪಾತ್ರ ಹೊಸದಾಗಿ ಬರೆಸಿದರು. ಲೈಬ್ರೇರಿಯನ್ ಕೂತೇ ಇದ್ದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ ನೋಡಿ. ಲ್ಯಾನ್ಸ್‌ಬರಿ 2022ರಲ್ಲಿ, 97 ತುಂಬಲು ಐದು ದಿನ ಇರುವಾಗ ತೀರಿಕೊಂಡರು.

ಕೈಯಲ್ಲಿ ಏನೂ ಉಳಿಯದವರು ಎಲ್ಲಿಗೆ ಹೋಗುತ್ತಿದ್ದರು?

ಲಾಸ್ ಏಂಜಲೀಸ್‌ನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಸಿನಿಮಾದವರಿಗೇ ಅಂತ ಒಂದು ಮನೆ ಇದೆ. ‘ಮನೆ’ ಅಂದರೆ 48 ಎಕರೆ ಜಾಗದಲ್ಲಿ ಶುರುವಾದ ದೊಡ್ಡ ವಠಾರ: ಪುಟ್ಟ ಪುಟ್ಟ ಕಾಟೇಜು, ಆಸ್ಪತ್ರೆ, ಥಿಯೇಟರು.

ಇದರ ಬೇರು ಒಂದು ಚಿಲ್ಲರೆ ಡಬ್ಬಿಯಲ್ಲಿದೆ. ಮೊದಲನೇ ಮಹಾಯುದ್ಧದ ಹೊತ್ತಿಗೆ ಮೂಕಿ ಚಿತ್ರಗಳ ತಾರೆ ಮೇರಿ ಪಿಕ್‌ಫರ್ಡ್ ಸ್ಟುಡಿಯೋಗಳಲ್ಲಿ ಡಬ್ಬಿ ಇಡಿಸಿದರು. ಕೆಲಸ ಇಲ್ಲದ ಸಿನಿಮಾದವರಿಗಾಗಿ ಕೆಲಸ ಇದ್ದವರು ಚಿಲ್ಲರೆ ಹಾಕುತ್ತಿದ್ದರು. 1921ರಲ್ಲಿ ಪಿಕ್‌ಫರ್ಡ್, ಚಾಪ್ಲಿನ್, ಡಗ್ಲಸ್ ಫೇರ್‌ಬ್ಯಾಂಕ್ಸ್, ನಿರ್ದೇಶಕ ಗ್ರಿಫಿತ್ ಸೇರಿ ಅದಕ್ಕೊಂದು ನಿಧಿ ಮಾಡಿದರು. 1932ರಲ್ಲಿ ವಾರಕ್ಕೆ 200 ಡಾಲರ್‌ಗಿಂತ ಹೆಚ್ಚು ದುಡಿಯುವವರು ಸಂಬಳದಲ್ಲಿ ಶೇಕಡ ಅರ್ಧದಷ್ಟು ಕೊಡುವ ಪದ್ಧತಿ ಬಂತು. 1939ರಿಂದ ಒಂದು ರೇಡಿಯೋ ಕಾರ್ಯಕ್ರಮದಲ್ಲಿ ದೊಡ್ಡ ದೊಡ್ಡ ತಾರೆಯರು ನಟಿಸಿ ಸಂಭಾವನೆಯನ್ನು ಈ ನಿಧಿಗೇ ಬಿಟ್ಟರು. ಜಾಗ ಹುಡುಕಿದ್ದು ನಟ ಜೀನ್ ಹರ್ಷೋಲ್ಟ್. ಆಗ ಅಲ್ಲಿ ಆಕ್ರೋಟು, ಕಿತ್ತಳೆ ತೋಟ. 1942ರಲ್ಲಿ ಮನೆ ತೆರೆಯಿತು.

ಒಂದು ಮಾತು ಗಮನಿಸಿ. ಇದು ಬರೀ ತಾರೆಯರಿಗಲ್ಲ. ಬಡಗಿ, ಲೈಟ್ ಹಿಡಿಯುವವರು, ಮೇಕಪ್ಪಿನವರು, ಎಡಿಟರು, ಸಿನಿಮಾ ಕೆಲಸದಲ್ಲಿ ವರ್ಷಗಟ್ಟಲೆ ದುಡಿದ ಎಲ್ಲರಿಗೂ. ನಾಯಕಿ ಆಗಿದ್ದವಳೂ ಅವಳ ಮುಖಕ್ಕೆ ಬೆಳಕು ಬಿಟ್ಟವನೂ ಒಂದೇ ಊಟದ ಸಾಲಿನಲ್ಲಿ. ಆಸ್ಕರ್ ಪಡೆದ ಮೊದಲ ಕಪ್ಪು ವರ್ಣದ ಕಲಾವಿದೆ ಹ್ಯಾಟಿ ಮೆಕ್‌ಡ್ಯಾನಿಯಲ್ ಕೊನೆಯುಸಿರೆಳೆದದ್ದು ಇಲ್ಲಿ, 1952ರಲ್ಲಿ. ಮೇರಿ ಆಸ್ಟರ್ ಕಡೇ ವರ್ಷಗಳನ್ನು ಕಳೆದದ್ದೂ ಇಲ್ಲೇ. ‘ಥ್ರೀ ಸ್ಟೂಜಸ್’ ಹಾಸ್ಯ ತಂಡದ ಲ್ಯಾರಿ ಫೈನ್, ಪಾರ್ಶ್ವವಾಯು ಬಡಿದ ಮೇಲೂ, ವೀಲ್‌ಚೇರ್‌ನಲ್ಲಿ ಕೂತು ಅಲ್ಲಿದ್ದವರನ್ನು ನಗಿಸುತ್ತಿದ್ದರು.

ಅಲ್ಲಿ ಒಳಗೇ ಒಂದು ಟಿವಿ ಚಾನೆಲ್ ಇದೆ. ಬರೆಯುವವರು, ಶೂಟ್ ಮಾಡುವವರು, ನಟಿಸುವವರು ಎಲ್ಲ ನಿವಾಸಿಗಳೇ. ವೃದ್ಧಾಶ್ರಮದಲ್ಲಿ ಭಜನೆ, ಬಿಂಗೋ ಕೇಳಿದ್ದೆ. ‘ಆಕ್ಷನ್, ಕಟ್’ ಕೇಳಿರಲಿಲ್ಲ.

ಎಲ್ಲ ಹೂವಿನ ಹಾಸಿಗೆಯೂ ಅಲ್ಲ. 2009ರಲ್ಲಿ ಖರ್ಚು ತೂಗಿಸಲಾಗದೆ ಅಲ್ಲಿನ ಆಸ್ಪತ್ರೆ ಮತ್ತು ದೀರ್ಘಕಾಲದ ಆರೈಕೆ ಘಟಕ ಮುಚ್ಚುತ್ತೇವೆ ಅಂದರು. ನಿವಾಸಿಗಳ ಮನೆಯವರು, ನಟರು ಬೀದಿಗಿಳಿದು ಗಲಾಟೆ ಮಾಡಿದ ಮೇಲೆ ಆರೈಕೆ ಉಳಿಯಿತು.

ಮಿಕಿ ರೂನಿ ಬಡವರಾಗಿ ಸತ್ತರು ಅನ್ನುವುದು ನಿಜವಾ?

ನಿಜ. 1939ರಿಂದ 1941ರವರೆಗೆ ಅಮೆರಿಕದಲ್ಲಿ ಇವರ ಸಿನಿಮಾಕ್ಕೆ ಬಂದಷ್ಟು ಜನ ಇನ್ಯಾರ ಸಿನಿಮಾಕ್ಕೂ ಬರುತ್ತಿರಲಿಲ್ಲ. 2014ರಲ್ಲಿ 93ರ ವಯಸ್ಸಿನಲ್ಲಿ ಸತ್ತಾಗ ಬಿಟ್ಟು ಹೋಗಿದ್ದು 18,000 ಡಾಲರ್. ಎಂಟು ಮದುವೆ, ಕುದುರೆ ಜೂಜು ಎಲ್ಲ ಇತ್ತು, ಒಪ್ಪಿಕೊಳ್ಳೋಣ. ಆದರೆ 2011ರ ಮಾರ್ಚ್‌ನಲ್ಲಿ, 90ರ ವಯಸ್ಸಿನಲ್ಲಿ, ಅವರು ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಕೂತು ಮನೆಯೊಳಗೇ ತಮಗಾದ ಹಿಂಸೆಯನ್ನು ಹೇಳಿಕೊಂಡರು. ತನ್ನ ದುಡ್ಡು ತನ್ನ ಕೈಯಲ್ಲಿಲ್ಲ, ಊಟ ಔಷಧಿಗೂ ತಡೆ ಅಂತ. ಹಿರಿಯರ ಮೇಲಿನ ದೌರ್ಜನ್ಯದ ವಿಷಯ ಅದು. ‘ನನಗೇ ಹೀಗಾದರೆ ಯಾರಿಗೆ ಬೇಕಾದರೂ ಆಗಬಹುದು’ ಅನ್ನುವುದು ಅವರ ಮಾತಿನ ಸಾರ. ಹೇಳಿಕೊಳ್ಳಲು ನಾಚಿಕೆಯಾಗುವ ವಿಷಯವನ್ನು ದೇಶದ ಮುಂದೆ ಹೇಳಿದ್ದು ಅವರು ಮಾಡಿದ ದೊಡ್ಡ ಕೆಲಸಗಳಲ್ಲಿ ಒಂದು ಅಂತ ನನ್ನ ಲೆಕ್ಕ.

101ನೇ ವಯಸ್ಸಲ್ಲಿ ಕೇಸ್ ಹಾಕಿದ ಅಜ್ಜಿ ಯಾರು?

ಒಲಿವಿಯಾ ಡಿ ಹ್ಯಾವಿಲ್ಯಾಂಡ್. ಸರಿಯಾಗಿ ಹೇಳಬೇಕೆಂದರೆ 101 ತುಂಬುವ ಹಿಂದಿನ ದಿನ, 2017ರ ಜೂನ್ 30ರಂದು. ಒಂದು ಟಿವಿ ಧಾರಾವಾಹಿಯಲ್ಲಿ ತನ್ನ ಅಪ್ಪಣೆ ಕೇಳದೆ ತನ್ನ ಪಾತ್ರ ಮಾಡಿಸಿದ್ದಾರೆ, ತಾನು ಆಡದ ಮಾತು ಆಡಿಸಿದ್ದಾರೆ ಅನ್ನುವುದು ದೂರು. ಮೇಲಿನ ಕೋರ್ಟಿನಲ್ಲಿ ಸೋತರು. ಸುಪ್ರೀಂ ಕೋರ್ಟ್ ಕೇಸ್ ಕೈಗೆತ್ತಿಕೊಳ್ಳಲಿಲ್ಲ.

ಕೋರ್ಟು ಅವರಿಗೆ ಹೊಸದಲ್ಲ. 1943ರಲ್ಲಿ ವಾರ್ನರ್ ಬ್ರದರ್ಸ್ ಮೇಲೆ ಕೇಸ್ ಹಾಕಿದ್ದರು. ಏಳು ವರ್ಷದ ಕಾಂಟ್ರಾಕ್ಟ್ ಮುಗಿದರೂ, ‘ನೀನು ಪಾತ್ರ ಒಪ್ಪದೆ ಕೂತ ದಿನಗಳನ್ನು ಸೇರಿಸಿ ಇನ್ನೂ ಆರು ತಿಂಗಳು ದುಡಿ’ ಅಂದಿತ್ತು ಸ್ಟುಡಿಯೋ. ಏಳು ವರ್ಷ ಅಂದರೆ ಕ್ಯಾಲೆಂಡರಿನ ಏಳು ವರ್ಷ ಅಂತ ಕೋರ್ಟ್ ಹೇಳಿತು. ಇವತ್ತಿಗೂ ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಅವರ ಹೆಸರೇ. ಕೇಸ್ ನಡೆಯುವಾಗ ಸುಮಾರು ಎರಡು ವರ್ಷ ಕೆಲಸ ಇರಲಿಲ್ಲ. ಆಮೇಲೆ ಎರಡು ಆಸ್ಕರ್ ಬಂದವು. 1950ರ ದಶಕದಲ್ಲಿ ಪ್ಯಾರಿಸ್‌ಗೆ ಹೋದವರು 2020ರ ಜುಲೈಯಲ್ಲಿ ಅಲ್ಲೇ ಕಣ್ಣು ಮುಚ್ಚಿದರು.

ಕರ್ಕ್ ಡಗ್ಲಸ್‌ಗೆ ಮಾತು ಹೋಗಿತ್ತಲ್ಲ?

1996ರ ಜನವರಿಯಲ್ಲಿ ಪಾರ್ಶ್ವವಾಯು ಆಯಿತು. ನಟನಿಗೆ ನಾಲಿಗೆ ತೊದಲಿದರೆ ಏನು ಉಳಿಯಿತು? ಎರಡು ತಿಂಗಳಿಗೆ ಗೌರವ ಆಸ್ಕರ್ ಸಮಾರಂಭ. ವೇದಿಕೆಗೆ ನಡೆದು ಬಂದು, ತೊದಲುತ್ತಲೇ, ಮುಂದೆ ಕೂತಿದ್ದ ನಾಲ್ಕು ಗಂಡು ಮಕ್ಕಳ ಕಡೆ ನೋಡಿ ನಾಲ್ಕು ಮಾತಾಡಿದರು. ಆಮೇಲೆ ಇನ್ನೂ 24 ವರ್ಷ ಬದುಕಿದರು. ಪುಸ್ತಕ ಬರೆದರು, ಸಿನಿಮಾದಲ್ಲಿ ನಟಿಸಿದರು. ಮೇಲೆ ಹೇಳಿದ ವುಡ್‌ಲ್ಯಾಂಡ್ ಹಿಲ್ಸ್ ಮನೆಯಲ್ಲಿ ಮರೆವಿನ ಕಾಯಿಲೆಯವರಿಗೆ ಇರುವ ಘಟಕಕ್ಕೆ ದುಡ್ಡು ಕೊಟ್ಟವರು ಇವರೇ. ಅದಕ್ಕೆ ಇಟ್ಟ ಹೆಸರು ಅವರ ತಂದೆಯದು, ಹ್ಯಾರಿ. ಕರ್ಕ್ ಅವರ ಬಾಲ್ಯದಲ್ಲಿ ಆ ತಂದೆ ಗುಜರಿ ಆಯ್ದು ಮಾರುತ್ತಿದ್ದರು.

ನಟನೆ ಬಿಟ್ಟು ಬೇರೆ ಕೆಲಸ ಹಿಡಿದವರು?

ತುಂಬ ಜನ. ಬಾಲನಟಿ ಶರ್ಲಿ ಟೆಂಪಲ್ ಘಾನಾಕ್ಕೆ ರಾಯಭಾರಿಯಾದರು. ಆಮೇಲೆ ಚೆಕೊಸ್ಲೊವಾಕಿಯಾಕ್ಕೆ, ಅದೂ 1989ರಲ್ಲಿ ಅಲ್ಲಿನ ಕಮ್ಯುನಿಸ್ಟ್ ಸರ್ಕಾರ ಉರುಳುವ ಹೊತ್ತಿಗೆ. ಸಿಡ್ನಿ ಪಾಟಿಯೆ ಹತ್ತು ವರ್ಷ ಜಪಾನಿಗೆ ಬಹಾಮಾಸ್ ದೇಶದ ರಾಯಭಾರಿ.

ನನಗೆ ಹೆಚ್ಚು ಇಷ್ಟ ಗ್ಲೋರಿಯಾ ಸ್ಟುವರ್ಟ್ ಕಥೆ. 1940ರ ದಶಕದಲ್ಲಿ ಸಿನಿಮಾ ಬಿಟ್ಟರು. ಚಿತ್ರ ಬರೆದರು, ಬೋನ್ಸಾಯ್ ಬೆಳೆಸಿದರು. ಎಪ್ಪತ್ತು ದಾಟಿದ ಮೇಲೆ ಅಚ್ಚು ಹಾಕುವುದನ್ನು ಕಲಿತು, ಮನೆಯಲ್ಲೇ ಮುದ್ರಣ ಯಂತ್ರ ಇಟ್ಟುಕೊಂಡು, ಒಂದೊಂದೇ ಅಚ್ಚುಮೊಳೆ ಜೋಡಿಸಿ ಪುಸ್ತಕ ಮಾಡುತ್ತಿದ್ದರು. ಅಷ್ಟರಲ್ಲಿ ‘ಟೈಟಾನಿಕ್’ ಬಂತು. ಅದರ ಮುದುಕಿ ರೋಸ್ ಇವರೇ. 87ಕ್ಕೆ ಆಸ್ಕರ್ ನಾಮನಿರ್ದೇಶನ.

ನಟಿ ಟಿಪ್ಪಿ ಹೆಡ್ರೆನ್ ಬಗ್ಗೆಯೂ ಹೇಳಬೇಕು. 1975ರಲ್ಲಿ ವಿಯೆಟ್ನಾಂನಿಂದ ಬಂದ ನಿರಾಶ್ರಿತ ಹೆಂಗಸರ ಶಿಬಿರಕ್ಕೆ ಹೋಗುತ್ತಿದ್ದರು. ಆ ಹೆಂಗಸರು ಇವರ ಉಗುರನ್ನೇ ನೋಡುತ್ತಿದ್ದರಂತೆ. ಸರಿ, ತನ್ನ ಉಗುರು ಅಂದಗೊಳಿಸುವವಳನ್ನೇ ಕರೆತಂದು ಇಪ್ಪತ್ತು ಜನಕ್ಕೆ ಕೆಲಸ ಕಲಿಸಿದರು. ಇವತ್ತು ಅಮೆರಿಕದ ನೇಲ್ ಸಲೂನುಗಳಲ್ಲಿ ವಿಯೆಟ್ನಾಂ ಮೂಲದವರು ತುಂಬಿರುವುದರ ಹಿಂದೆ ಆ ಇಪ್ಪತ್ತು ಜನ ಇದ್ದಾರೆ. ಆಮೇಲೆ ಅವರು ಹುಲಿ ಸಿಂಹಗಳಿಗೆ ಆಶ್ರಯಧಾಮ ಕಟ್ಟಿ ಅಲ್ಲೇ ವಾಸ ಮಾಡಿದರು.

ಡೋರಿಸ್ ಡೇಗೆ ತನ್ನ ವಯಸ್ಸೇ ಗೊತ್ತಿರಲಿಲ್ಲವಂತೆ?

2017ರ ಏಪ್ರಿಲ್ 3. ಅವರ ಹುಟ್ಟುಹಬ್ಬ. 93 ತುಂಬಿತು ಅಂದುಕೊಂಡಿದ್ದರು. ಪತ್ರಕರ್ತರೊಬ್ಬರು ಒಹಾಯೊದಿಂದ ಜನನ ಪತ್ರ ತೆಗೆಸಿ ನೋಡಿದರೆ ಹುಟ್ಟಿದ್ದು 1922. ಅಂದರೆ 95! ಚಿಕ್ಕಂದಿನಲ್ಲಿ ಯಾವುದೋ ಕೆಲಸಕ್ಕೆ ಹೋಗುವಾಗ ವಯಸ್ಸು ತಿದ್ದಿರಬೇಕು, ಅದೇ ಉಳಿದುಬಿಟ್ಟಿತು ಅಂತ ಅವರ ಕಡೆಯವರ ಊಹೆ. ನಮ್ಮಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ತಾರೀಕೇ ಜನ್ಮದಿನ ಆಗಿರುವವರು ಎಷ್ಟು ಜನ ಇಲ್ಲ!

1968ರಲ್ಲಿ ಗಂಡ ಸತ್ತಾಗ ಇವರ ದುಡಿಮೆಯೆಲ್ಲ ಕರಗಿ ಸಾಲ ಉಳಿದಿತ್ತು. ಟಿವಿ ಕಾರ್ಯಕ್ರಮ ಮಾಡಿ ತೀರಿಸಿದರು. ಆಮೇಲೆ ಕಾರ್ಮೆಲ್ ಊರಿಗೆ ಹೋಗಿ ನಾಯಿಗಳ ಜೊತೆ ಇದ್ದುಬಿಟ್ಟರು. ಅಲ್ಲಿ ಅವರ ಪಾಲಿದ್ದ ಹೋಟೆಲಿಗೆ ನಾಯಿ ಕರೆದುಕೊಂಡು ಹೋಗಬಹುದಿತ್ತು. ಪ್ರಶಸ್ತಿ ಕೊಡುತ್ತೇವೆ ಬನ್ನಿ ಅಂದರೂ ಹೋಗಲಿಲ್ಲ, ವಿಮಾನ ಅಂದರೆ ಭಯ.

ಗ್ರೆಟಾ ಗಾರ್ಬೊ ಯಾಕೆ ಮನೆ ಸೇರಿಕೊಂಡರು?

ಸೇರಿಕೊಳ್ಳಲಿಲ್ಲ. 36ನೇ ವಯಸ್ಸಿಗೆ ಸಿನಿಮಾ ಬಿಟ್ಟರು, ಅಷ್ಟೇ. ಆಮೇಲೆ ವರ್ಷಗಟ್ಟಲೆ ನ್ಯೂಯಾರ್ಕ್ ಬೀದಿಗಳಲ್ಲಿ ಮೈಲಿಗಟ್ಟಲೆ ನಡೆಯುತ್ತಿದ್ದರು. ಮಾತಾಡಿಸಿದರೆ ಮಾತ್ರ ಆಗುತ್ತಿರಲಿಲ್ಲ.

ನಮ್ಮ ಮೈಸೂರಿನ ಸಾಬು ಏನಾದರು?

ಕರ್ನಾಟಕದವರು ಕೇಳದೆ ಬಿಡುವುದಿಲ್ಲ. ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ. 1937ರಲ್ಲಿ ಆನೆಯ ಜೊತೆ ತೆರೆಗೆ ಬಂದು ಹಾಲಿವುಡ್ ಸೇರಿದರು. 1944ರಲ್ಲಿ ಅಮೆರಿಕದ ಪ್ರಜೆಯಾಗಿ, ಯುದ್ಧ ವಿಮಾನದಲ್ಲಿ ಗನ್ನರ್ ಆಗಿ ಪದಕ ಪಡೆದರು. ಆದರೆ ಈ ಪುಟಕ್ಕೆ ಅವರನ್ನು ಸೇರಿಸಲು ಆಗುವುದಿಲ್ಲ. 1963ರ ಡಿಸೆಂಬರ್ 2ರಂದು ಹೃದಯಾಘಾತವಾಗಿ ಹೋದಾಗ ಅವರಿಗೆ 39. ಸತ್ತದ್ದು ಚಾಟ್ಸ್‌ವರ್ತ್‌ನಲ್ಲಿ. ವುಡ್‌ಲ್ಯಾಂಡ್ ಹಿಲ್ಸ್‌ನ ಆ ಮನೆ ಅಲ್ಲಿಂದ ದೂರವಿಲ್ಲ.

ಒಂದೇ ಒಂದು ದೃಶ್ಯ ನೋಡಬೇಕು ಅಂದರೆ ಯಾವುದು?

ಡಿಕ್ ವ್ಯಾನ್ ಡೈಕ್ ಅವರದು. ಆದರೆ ಎರಡು ನೋಡಬೇಕು, ಒಂದರ ಹಿಂದೆ ಒಂದು.

ಮೊದಲನೆಯದು 1964ರ ‘ಮೇರಿ ಪಾಪಿನ್ಸ್’. ಅದರಲ್ಲಿ ಬರ್ಟ್ ಪಾತ್ರ ಅವರದೇ, ಎಲ್ಲರಿಗೂ ಗೊತ್ತು. ಬ್ಯಾಂಕಿನ ಹಣ್ಣು ಹಣ್ಣು ಮುದುಕ ಮಾಲೀಕನೂ ಅವರೇ. ಆ ಪಾತ್ರ ಬೇಕು ಅಂತ ಹಟ ಹಿಡಿದು, ದುಡ್ಡು ಬೇಡ ಅಂತ ಹೇಳಿ, ಮೇಲಿಂದ ಡಿಸ್ನಿಯ ಕಲಾಶಾಲೆಗೆ ದೇಣಿಗೆಯನ್ನೂ ಕೊಟ್ಟರು. ನಲವತ್ತರ ಒಳಗಿನ ಮನುಷ್ಯ ಬೋಳು ತಲೆ, ಗಡ್ಡ ಅಂಟಿಸಿಕೊಂಡು ನಡುಗುತ್ತ ಹೆಜ್ಜೆ ಹಾಕುತ್ತಾರೆ. ಟೈಟಲ್‌ನಲ್ಲಿ ಹೆಸರು ಕೂಡ ಅಕ್ಷರ ಕಲಸಿ ಹಾಕಿದ್ದರು. ಒಂದೊಂದೇ ಅಕ್ಷರ ಸರಿದು ಡಿಕ್ ವ್ಯಾನ್ ಡೈಕ್ ಅಂತಾಗುತ್ತದೆ.

ಎರಡನೆಯದು 2018ರ ಮುಂದಿನ ಭಾಗ. ಈ ಸಲ ಆ ಮುದುಕನ ಮಗನ ಪಾತ್ರ. ಮಗನೂ ಈಗ ಮುದುಕ. ಶೂಟಿಂಗ್ ವೇಳೆ ವ್ಯಾನ್ ಡೈಕ್‌ಗೆ 91. ಈಗ ನಡುಗುವ ನಟನೆ ಬೇಕಿಲ್ಲ. ಆದರೆ ಅವರು ನಡುಗುವುದಿಲ್ಲ. ಆಫೀಸಿನ ಮೇಜಿನ ಮೇಲೆ ಹತ್ತಿ, ಕಾಲು ಕುಣಿಸಿ, ಟಪ ಟಪ ಹೆಜ್ಜೆ ಹಾಕಿ, ಕೈ ಚಾಚಿ ನಿಲ್ಲುತ್ತಾರೆ. 98ಕ್ಕೆ ಇನ್ನೊಂದು ಎಮ್ಮಿ (ಟಿವಿಯವರಿಗೆ ಕೊಡುವ ಪ್ರಶಸ್ತಿ) ಗೆದ್ದರು. ಅದು ಬೇರೆ ಮಾತು. ನೀವು ಆ ಮೇಜಿನ ದೃಶ್ಯ ನೋಡಿ, ಅವರ ಪಾದದ ಕಡೆ ಕಣ್ಣಿಡಿ.